ಇಷ್ಟೇನಾ ರಾಯರು

ಅರಸೀಕೆರೆಯೆಂದರೆ ರೈಲು ಬದಲಾಯಿಸತಕ್ಕ ಊರೆಂದು ನಾಡಿನಲ್ಲೆಲ್ಲ ಪ್ರಸಿದ್ಧಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯಿಂದ ಹಾಸನ ಮೈಸೂರುಗಳ ದಾರಿ ಕವಲೊಡೆಯುವುದು ಇಲ್ಲಿಯೇ ಆದುದರಿಂದ, ಎಷ್ಟೋ ತಲೆಮಾರಿನ ಕನ್ನಡಿಗರು ಈ ಪ್ಲಾಟ್‌ಫಾರಮ್ಮಿನಲ್ಲಿ ಹಾಸಿಗೆಯ ಸುರುಳಿಯ ಮೇಲೆ ಕುಳಿತು ಆಕಳಿಸಿದ್ದಾರೆ, ಕಾಫಿ ಕುಡಿದಿದ್ದಾರೆ, ತಪ್ಪಿಹೋದ ಗಾಡಿಗೆ ಶಾಪ ಹಾಕಿದ್ದಾರೆ. ನಿಲ್ದಾಣದ ಮೆಟ್ಟಿಲಿಳಿದು ಊರೊಳಕ್ಕೆ ಬಂದವರೆಂದರೆ ಬಹುಮಟ್ಟಿಗೆ ತೆಂಗಿನಕಾಯಿ ಕೊಬ್ಬರಿಯ ವ್ಯಾಪಾರದವರು. ಯಾರೂ ನೋಡಲು ಬಾರದಿರುವಂಥ ಊರಿನಲ್ಲಿ ಹುಟ್ಟಿದವನಿಗೆ ಲೋಕದ ಉಳಿದ ಊರುಗಳ ವಿಷಯದಲ್ಲಿ ಅತಿಶಯವಾದ ನಿರೀಕ್ಷೆ ಬೆಳೆಯುವುದು ಸಹಜ. ಹಾಗೆ ಬೆಳೆಸಿಕೊಂಡವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರ ನಿಜವಾದ ಹೆಸರು ಪಿಂಚಣಿಯ ಪುಸ್ತಕದಲ್ಲಿ ಭದ್ರವಾಗಿದೆ. ನಮಗೆಲ್ಲ ಅವರು ಇಷ್ಟೇನಾ ರಾಯರು. ನಿಮ್ಮ ಊರಿನಲ್ಲಿಯೂ ಒಬ್ಬರು ಇರುತ್ತಾರೆ. ಹೆಸರು ಮಾತ್ರ ಬೇರೆಯಿರಬಹುದು.

ಈ ಹೆಸರನ್ನು ಅವರು ದೇಶ ಸುತ್ತಿ ಸಂಪಾದಿಸಿದರು. ಯಾವುದಾದರೊಂದು ಪ್ರೇಕ್ಷಣೀಯ ಸ್ಥಳದ ಮುಂದೆ ಅವರನ್ನು ನಿಲ್ಲಿಸಿದರೆ, ರಾಯರು ಮೊದಲು ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿ, ದೋಷವೇನಾದರೂ ತಮ್ಮ ಗಾಜಿನಲ್ಲಿದ್ದರೆ ಅದನ್ನು ನಿವಾರಿಸಿಕೊಂಡು, ಪುನಃ ಧರಿಸಿ, ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಬೆಟ್ಟವಾದರೆ ಬುಡದಿಂದ ತುದಿಯವರೆಗೂ, ಜಲಪಾತವಾದರೆ ತುದಿಯಿಂದ ಬುಡದವರೆಗೂ ಒಮ್ಮೆ ದೃಷ್ಟಿಯನ್ನು ಹಾಯಿಸಿ, ಅಲ್ಲಿಗೆ ಬರಲು ತಗುಲಿದ ಬಸ್ಸಿನ ಖರ್ಚನ್ನು ಮನಸ್ಸಿನಲ್ಲಿಯೇ ಕೂಡಿ, ಬಳಿಕ ಪಕ್ಕದಲ್ಲಿದ್ದವರ ಕಡೆಗೆ ತಿರುಗಿ "ಇಷ್ಟೇನಾ?" ಎನ್ನುತ್ತಾರೆ. ಆ ಮಾತಿನಲ್ಲಿ ಕೋಪವಿಲ್ಲ, ವ್ಯಂಗ್ಯವೂ ಇಲ್ಲ. ಮದುವೆಯ ಊಟದಲ್ಲಿ ಪಾಯಸದ ಕೊಳದಪ್ಪಲೆ ತನ್ನ ಎಲೆಯ ಹತ್ತಿರಕ್ಕೆ ಬರುವ ಹೊತ್ತಿಗೆ ಬರಿದಾದುದನ್ನು ಕಂಡವನ ಧ್ವನಿಯಲ್ಲಿರತಕ್ಕ ಒಂದು ನಿರ್ಮಲವಾದ ವಿಷಾದ ಮಾತ್ರ ಇದೆ.

ಇದು ಕಸುಬಿನಿಂದ ಬಂದ ಗುಣವೆಂದು ನನ್ನ ಊಹೆ. ರಾಯರು ಮೂವತ್ತೆರಡು ವರ್ಷ ಇತರರ ಲೆಕ್ಕಪತ್ರಗಳಲ್ಲಿ ತಪ್ಪು ಹುಡುಕುವ ಉದ್ಯೋಗದಲ್ಲಿದ್ದವರು. ತಪ್ಪು ಸಿಕ್ಕಿದ ದಿನ ಮನೆಗೆ ಬಂದು ಎರಡು ತುತ್ತು ಹೆಚ್ಚಾಗಿ ಉಣ್ಣುತ್ತಿದ್ದರಂತೆ. ಸಿಕ್ಕದ ದಿನ ಸಾರಿಗೆ ಉಪ್ಪು ಕಡಮೆಯೆಂದು ಎಲೆಯ ಮುಂದೆಯೇ ಒಂದು ತಪ್ಪನ್ನು ಹುಡುಕಿ ಸಮಾಧಾನ ಹೊಂದುತ್ತಿದ್ದರಂತೆ. ನಿವೃತ್ತರಾದ ಬಳಿಕ ಸರ್ಕಾರದ ಲೆಕ್ಕ ಕೈತಪ್ಪಿಹೋದ ಕಾರಣ ಸೃಷ್ಟಿಯ ಲೆಕ್ಕವನ್ನೇ ಕೈಗೆತ್ತಿಕೊಂಡರು. ಅದಕ್ಕಾಗಿ ಅವರಲ್ಲಿ ನೀಲಿಯ ರಟ್ಟು ಹಾಕಿದ ಉದ್ದನೆಯ ಪುಸ್ತಕವೊಂದಿದೆ. ಪುಟಕ್ಕೆ ನಾಲ್ಕು ಕಾಲಮ್ಮು: ಸ್ಥಳ, ಕೇಳಿದ್ದು, ಕಂಡದ್ದು, ಕೊರತೆ. ಮೊದಲಿನ ಮೂರನ್ನು ಪೆನ್ಸಿಲ್ಲಿನಿಂದ ತುಂಬುತ್ತಾರೆ. ಕೊರತೆಗೆ ಮಾತ್ರ ಕೆಂಪು ಶಾಯಿ.

ಆ ಪುಸ್ತಕವನ್ನು ಒಂದೆರಡು ಸಲ ಓದುವ ಭಾಗ್ಯ ನನಗೆ ದೊರೆತಿದೆ. ಜೋಗದ ಜಲಪಾತಕ್ಕೆ ಅದರಲ್ಲಿ ಎರಡು ನಮೂದುಗಳಿವೆ. ಮೊದಲ ಸಲ ಅವರು ಹೋದುದು ಏಪ್ರಿಲಿನಲ್ಲಿ. 830 ಅಡಿಯ ಎತ್ತರದಿಂದ ಶರಾವತಿ ಧುಮುಕುತ್ತಾಳೆಂದು ಕೇಳಿಕೊಂಡು ಹೋದವರಿಗೆ ಕಂಡುದು 830 ಅಡಿ ಎತ್ತರದ ಬಂಡೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಆ ತಾಯಿ ಬೇಸಗೆಯಲ್ಲಿ ಬಂಡೆಯ ಮೇಲಿಂದ ಬೀಳುವುದನ್ನು ಹೆಚ್ಚುಕಡಮೆ ಬಿಟ್ಟು ತಂತಿಯ ಮೇಲೆ ಸಂಚರಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಾಳೆಂದೂ, ತಮ್ಮ ಮನೆಯ ಫ್ಯಾನಿನಲ್ಲಿ ತಿರುಗುತ್ತಿರುವುದು ಜೋಗವೇ ಎಂದು ಭಾವಿಸಬೇಕೆಂದೂ ನಾನು ಸಮಾಧಾನ ಹೇಳಿದೆ. ರಾಯರು ತಲೆಯೆತ್ತಿ ಫ್ಯಾನನ್ನು ನೋಡಿ "ಇಷ್ಟೇನಾ?" ಎಂದರು. ಮತ್ತೊಮ್ಮೆ ಜುಲೈ ತಿಂಗಳಿನಲ್ಲಿ ಹೋದಾಗ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ವರೂ ಮೈದುಂಬಿ ಭೋರ್ಗರೆಯುತ್ತಿದ್ದರೂ ಕಣಿವೆಯ ತುಂಬ ಮಂಜು ಕವಿದು, ಮೂರು ಗಂಟೆಯ ಕಾಲ ಕೊಡೆ ಹಿಡಿದು ನಿಂತ ರಾಯರಿಗೆ ಶಬ್ದದ ಹೊರತು ಬೇರೇನೂ ದಕ್ಕಲಿಲ್ಲ. ಏಪ್ರಿಲ್, ಕೊರತೆ: ನೀರು. ಜುಲೈ, ಕೊರತೆ: ನೋಟ. ಅದರ ಕೆಳಗಿನ ಸಾಲಿನಲ್ಲಿ ಆಗುಂಬೆಯ ಸೂರ್ಯಾಸ್ತವಿದೆ, ಮೋಡ ಮುಚ್ಚಿದ್ದ ಸಂಜೆ, ಕೊರತೆ: ಸೂರ್ಯ. ತಲಕಾವೇರಿಯಲ್ಲಿ ಬ್ರಹ್ಮಗಿರಿಯ ಮಡಿಲಿನ ಆ ಪುಟ್ಟ ಕುಂಡಿಕೆಯನ್ನು ಬಗ್ಗಿ ನೋಡಿ, "ಇಷ್ಟೇನಾ? ಇದಕ್ಕೇನಾ ನಮಗೂ ತಮಿಳುನಾಡಿನವರಿಗೂ ಇಷ್ಟು ವರ್ಷದಿಂದ ಜಗಳ?" ಎಂದುದು ನಮ್ಮ ಬೀದಿಯಲ್ಲಿ ಇಂದಿಗೂ ಗಾದೆಯಂತೆ ಬಳಕೆಯಲ್ಲಿದೆ.

ಆದರೆ ಅವರ ಪ್ರವಾಸಜೀವನದ ಪರಾಕಾಷ್ಠೆ ವಿಜಾಪುರದಲ್ಲಿ. ಮಹಮದ್ ಆದಿಲ್ ಶಾಹನ ಸಮಾಧಿಯ ಮೇಲೆ ನಿಂತಿರುವ ಗೋಲಗುಮ್ಮಟದ ಗ್ಯಾಲರಿಯನ್ನು, ಮಂಡಿನೋವನ್ನು ಲೆಕ್ಕಿಸದೆ, ಕಡಿದಾದ ಮೆಟ್ಟಿಲುಗಳನ್ನೇರಿ ತಲಪಿ, ಶಾಲೆಯ ಮಕ್ಕಳು ಶಿಳ್ಳೆ ಹಾಕಿ ದಣಿದು ಕೆಳಗಿಳಿಯುವವರೆಗೂ ಕಾದಿದ್ದು, ಕೊನೆಗೆ ನಿಶ್ಶಬ್ದವಾದ ಆ ಮಹಾಗೋಳದ ಒಳಗೆ ಕನ್ನಡಕವನ್ನು ಒರೆಸಿಕೊಂಡು ಪಕ್ಕದಲ್ಲಿದ್ದ ಹೆಂಡತಿಗೆ ಎಂದಿನಂತೆ "ಇಷ್ಟೇನಾ?" ಎಂದರಂತೆ. ಗುಮ್ಮಟವು "ಇಷ್ಟೇನಾ, ಇಷ್ಟೇನಾ" ಎಂದು ಏಳು ಸಲ ಹೇಳಿತು. ತಮ್ಮ ಆಕ್ಷೇಪಣೆಯನ್ನು ಸಂಬಂಧಪಟ್ಟ ಕಟ್ಟಡವೇ ಏಳು ಪ್ರತಿಗಳಲ್ಲಿ ಒಪ್ಪಿಕೊಂಡುದು ರಾಯರ ಅನುಭವದಲ್ಲಿ ಅದೇ ಮೊದಲು. ಆ ದಿನದ ಪುಟದಲ್ಲಿ ಕೆಂಪು ಶಾಯಿ ಸ್ವಲ್ಪ ಹರ್ಷದಿಂದಲೇ ಹರಿದಿದೆ.

ರಾಯರ ಪತ್ನಿಯ ವಿಷಯ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಎಲ್ಲ ಪ್ರವಾಸಗಳಲ್ಲಿಯೂ ಪುಳಿಯೋಗರೆಯ ಡಬ್ಬಿ, ಮೊಸರನ್ನದ ಡಬ್ಬಿ, ಕೋಡುಬಳೆಯ ಪೊಟ್ಟಣ, ಗಂಡನ ಮಾತ್ರೆಗಳು, ಇಷ್ಟನ್ನೂ ಒಂದು ಬಟ್ಟೆಯ ಚೀಲದಲ್ಲಿ ಹೊತ್ತುಕೊಂಡು, ಹೋದಲ್ಲೆಲ್ಲ ಒಂದು ದೇವರನ್ನೋ, ಅದಿಲ್ಲದಿದ್ದರೆ ಒಂದು ಮರದ ನೆರಳನ್ನೋ ಹುಡುಕಿಕೊಂಡು ಸಂತೃಪ್ತರಾಗಿರುವ ಸಾಧ್ವಿ. ಗಂಡನ ನಿರಾಶೆ ಆಕೆಯನ್ನು ಎಂದೂ ಬಾಧಿಸಿದುದನ್ನು ನಾನು ಕಾಣೆ. ಒಮ್ಮೆ ಕಾರಣ ಕೇಳಿದುದಕ್ಕೆ ಆಕೆ ನಕ್ಕು ಹೇಳಿದರು: "ನನ್ನನ್ನ ನೋಡೋಕೆ ಬಂದಾಗ್ಲೂ ಇವರು ಹಾಗೇ ಅಂದಿದ್ರು ಮೇಷ್ಟ್ರೇ. ನಮ್ಮಪ್ಪ ಪಾಪ, ಕೇಸರಿಭಾತಿಗೆ ಅಂದ್ರು ಅಂದ್ಕೊಂಡು ಇನ್ನೂ ಎರಡು ಚಮಚ ಬಡಿಸಿದ್ರು. ಅದನ್ನ ತಿಂದ್ಬಿಟ್ಟು ಒಪ್ಪಿದೆ ಅಂದ್ರು."

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೋ ಸಂಸ್ಥೆಯವರು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ವಾರ್ತೆ ಪತ್ರಿಕೆಗಳಲ್ಲಿ ಬಂದಿತು. ಊರಿನವರೆಲ್ಲ ಹೆಮ್ಮೆಯಿಂದ ಓದಿದ ಆ ಸುದ್ದಿಯನ್ನು ರಾಯರು ಬೇರೆ ಬಗೆಯಲ್ಲಿ ಓದಿದರು. ತಾವು ಚಿಕ್ಕಂದಿನಲ್ಲಿ ಎಂದೋ ತಂದೆಯ ಹೆಗಲ ಮೇಲೆ ಕುಳಿತು ನೋಡಿ, ನಿದ್ದೆಹೋಗಿ, ಮರೆತುಬಿಟ್ಟಿದ್ದ ಬೇಲೂರು ಹಳೇಬೀಡುಗಳನ್ನು ಪರದೇಶದವರು ಬಂದು ಪರೀಕ್ಷಿಸಿ ಪಾಸುಮಾಡಿರುವಾಗ, ಇಲ್ಲಿಯ ಸಂಗತಿ ಬಲ್ಲವನೊಬ್ಬ ಇನ್ನೊಮ್ಮೆ ತನಿಖೆ ನಡೆಸದೆ ಹಾಗೆಯೇ ಬಿಡುವುದು ಕರ್ತವ್ಯಲೋಪವೆಂದು ಅವರಿಗೆ ತೋರಿತು. ಇಪ್ಪತ್ತಾರು ವರ್ಷ ಪ್ರತಿ ಡಿಸೆಂಬರಿನಲ್ಲಿಯೂ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಅಲ್ಲಿಗೆ ಹೋಗಿಬಂದ ನಾನು ದಾರಿ ತೋರಿಸಲು ನೇಮಕವಾದೆ. ಆ ದೇವಾಲಯಗಳ ವಿಷಯದಲ್ಲಿ ನನಗೆ ಸ್ವಂತ ಮನೆಯ ಅಭಿಮಾನವಿತ್ತು. ಈ ಸಲ ರಾಯರ ಬಾಯಿ ಕಟ್ಟಿಸಿಯೇ ಬಿಡುತ್ತೇನೆಂದು ಒಳಗೊಳಗೇ ಶಪಥ ಮಾಡಿಕೊಂಡೆ.

ಮಾಘಮಾಸದ ಒಂದು ಬೆಳಗ್ಗೆ ಹೊರಟೆವು. ಬಸ್ಸು ಹತ್ತಿದೊಡನೆಯೇ ರಾಯರಿಗೆ ಒಂದು ಹಿನ್ನಡೆಯಾಯಿತು. ಹೆಂಗಸರಿಗೆ ಪ್ರಯಾಣ ಉಚಿತವಾದುದರಿಂದ ಪತ್ನಿಗೆ ಸೊನ್ನೆಯ ಟಿಕೆಟ್ಟು ಬಂದಿತು. ನಮ್ಮಿಬ್ಬರ ಟಿಕೆಟ್ಟಿಗೆ ಕೊಟ್ಟ ನೋಟಿಗೆ ಚಿಲ್ಲರೆಯಿಲ್ಲವೆಂದು ಕಂಡಕ್ಟರು ಟಿಕೆಟ್ಟಿನ ಹಿಂಭಾಗದಲ್ಲಿ 18 ಎಂದು ಬರೆದು ಸುತ್ತ ಒಂದು ಸೊನ್ನೆ ಎಳೆದು ಕೊಟ್ಟನು. ಆ ಬಾಬತ್ತಿನ ಚಿಂತೆಯಲ್ಲಿ ಅರ್ಧ ದಾರಿ ಕಳೆಯಿತು. ಜಾವಗಲ್ಲು ಬಂದಾಗ, ಇದೇ ನೋಡಿ ನಮ್ಮ ವೇಗದ ಬೌಲರ್ ಶ್ರೀನಾಥರ ಹೆಸರಿನಲ್ಲಿರುವ ಊರು ಎಂದೆ. ರಾಯರು ಕಿಟಕಿಯಿಂದ ಹೊರಗೆ ನೋಡಿದರು. ಒಬ್ಬ ಮುದುಕ ಎಮ್ಮೆಯೊಂದನ್ನು ಅತ್ಯಂತ ನಿಧಾನವಾಗಿ ರಸ್ತೆ ದಾಟಿಸುತ್ತಿದ್ದನು. ಏನೆಂದರೆಂಬುದನ್ನು ಬರೆಯಬೇಕಾಗಿಲ್ಲ.

ಹಳೇಬೀಡನ್ನು ಹಿಂತಿರುಗುವಾಗ ನೋಡುವುದೆಂದು ನಿಶ್ಚಯಿಸಿ ಇನ್ನೂ 16 ಕಿಲೋಮೀಟರು ಮುಂದುವರಿದು ಬೇಲೂರಿನಲ್ಲಿ ಇಳಿದಾಗ ಬಿಸಿಲು ಬಲಿತಿತ್ತು. ಇಳಿಯುವ ನೂಕುನುಗ್ಗಲಿನಲ್ಲಿ ಹದಿನೆಂಟು ರೂಪಾಯಿ ಕೇಳುವುದು ಮರೆತು, ಬಸ್ಸು ಹೋದ ಮೇಲೆ ನೆನಪಾಗಿ, ಸಂಜೆ ಅದೇ ಬಸ್ಸಿನಲ್ಲಿ ಮರಳುವಾಗ ವಸೂಲು ಮಾಡತಕ್ಕದ್ದೆಂದು ರಾಯರು ಟಿಕೆಟ್ಟನ್ನು ಜೇಬಿನಲ್ಲಿ ಜೋಪಾನವಾಗಿ ಇಟ್ಟರು. ಗೋಪುರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಅಂಗಳದ ಕಲ್ಲು ಹೆಂಚಿನಂತೆ ಕಾದಿದೆ. ವಿಷ್ಣುವರ್ಧನನು ತಲಕಾಡಿನಲ್ಲಿ ಚೋಳರನ್ನು ಗೆದ್ದು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಜಯನಾರಾಯಣನ, ಎಂದರೆ ಈಗಿನ ಚೆನ್ನಕೇಶವನ, ಸನ್ನಿಧಿಗೆ ಇಬ್ಬರು ವೃದ್ಧರು ಕುಣಿದುಕೊಂಡು ಪ್ರವೇಶಿಸಿದ ದೃಶ್ಯವನ್ನು ನಾಟ್ಯಸುಂದರಿಯರು ಮೇಲಿನಿಂದ ನೋಡಿದರು.

ರಾಯರು ಕನ್ನಡಕವನ್ನು ಒರೆಸಿದರು. "ಮೇಷ್ಟ್ರೇ, ಶಿಖರ ಎಲ್ಲಿ?" ಎಂದರು.

ಇಪ್ಪತ್ತಾರು ವರ್ಷದಲ್ಲಿ ಒಬ್ಬ ಹುಡುಗನೂ ಕೇಳದಿದ್ದ ಪ್ರಶ್ನೆ. ಶಿಥಿಲವಾಗಿ, ಗರ್ಭಗುಡಿಗೇ ಅಪಾಯವಾದೀತೆಂಬ ಭಯದಿಂದ 1879ರಲ್ಲಿ ಅದನ್ನು ಬಿಚ್ಚಿದರೆಂದು ನಾವು ಗೊತ್ತುಮಾಡಿದ್ದ ಗೈಡು ಹೇಳಿದನು. "ಬಿಚ್ಚಿದ್ದಕ್ಕೆ ಬಿಲ್ಲು ಆಗಿರುತ್ತೆ. ಮತ್ತೆ ಕಟ್ಟಬೇಕು ಅನ್ನೋ ಷರತ್ತು ಟೆಂಡರಿನಲ್ಲಿ ಹಾಕಲಿಲ್ಲವೇನಯ್ಯಾ?" ಎಂದು ರಾಯರು ಅವನನ್ನು ಗದರಿಕೊಂಡರು. ಗೈಡು, ತಾನು ಆ ಕಾಲದಲ್ಲಿ ಇಲ್ಲಿ ಇರಲಿಲ್ಲವೆಂದು ಬಿನ್ನವಿಸಿದನು.

ನಾನು ಪ್ರಸಂಗವನ್ನು ಬದಲಾಯಿಸುವುದಕ್ಕಾಗಿ ಮದನಿಕೆಯರ ಕಡೆಗೆ ಕೈ ತೋರಿಸಿದೆ. ಇಲ್ಲೊಂದು ಸತ್ಯವನ್ನು ಒಪ್ಪಿಕೊಳ್ಳಬೇಕು: ಕ್ಯಾಲೆಂಡರಿನಲ್ಲಿಯೂ ಪುಸ್ತಕದ ರಕ್ಷಾಪುಟದಲ್ಲಿಯೂ ಆಳೆತ್ತರಕ್ಕೆ ಬೆಳೆದು ನಿಂತ ದರ್ಪಣಸುಂದರಿಯನ್ನು ನೋಡಿ ನೋಡಿ ಬೆಳೆದವನಿಗೆ, ಸೂರಿನ ಅಡಿಯಲ್ಲಿ, ಕುತ್ತಿಗೆ ಹಿಂದಕ್ಕೆ ಮುರಿದರೆ ಮಾತ್ರ ಕಾಣುವಂತೆ ಓರೆಯಾಗಿ ಕೂರಿಸಿರುವ ಪುಟ್ಟ ಮೂರ್ತಿಯೇ ಆಕೆಯೆಂದು ನಂಬಲು ಒಂದು ಗಳಿಗೆ ಬೇಕು. ಬಳಪದ ಕಲ್ಲಿನ ಮೃದುತ್ವವನ್ನೂ, ಹಣ್ಣಿನ ಮೇಲೆ ಕುಳಿತ ನೊಣವನ್ನೂ, ಅದಕ್ಕೆ ಹೊಂಚುಹಾಕಿರುವ ಹಲ್ಲಿಯನ್ನೂ ಗೈಡು ಕನ್ನಡಿಯಿಂದ ಬಿಸಿಲು ಬಿಟ್ಟು ತೋರಿಸಿದನು. ಹೊರಗೆ 38, ಒಳಗೆ 4, ಒಟ್ಟು 42 ಎಂದನು. ರಾಯರು ಒಂದೊಂದನ್ನೂ ಎಣಿಸಿಯೇ ಬಿಟ್ಟರು. ಅವರು ಮೆಚ್ಚಿದುದು ಒಂದನ್ನು ಮಾತ್ರ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿಟ್ಟಿರುವುದು. "ಜವಾಬ್ದಾರಿ ಯಾರದು ಅಂತ ಅಲ್ಲಲ್ಲೇ ಸಹಿ ಹಾಕಿದ್ದಾರೆ. ಒಳ್ಳೇ ಪದ್ಧತಿ" ಎಂದರು. ಕಪ್ಪೆಚೆನ್ನಿಗರಾಯನ ಗುಡಿಯಲ್ಲಿ ಜಕಣಾಚಾರಿ ಡಂಕಣಾಚಾರಿಯರ ಕಥೆಯನ್ನು ಕೇಳಿ, ಕಪ್ಪೆ ಈಗ ಎಲ್ಲಿದೆಯೆಂದು ವಿಚಾರಿಸಿದರು.

ಅಂಗಳದಲ್ಲಿ ಒಂದು ಎತ್ತರವಾದ ದೀಪಸ್ತಂಭವುಂಟು. ತಳಹದಿಯಿಲ್ಲದೆ ತನ್ನ ಭಾರದಿಂದಲೇ ಜಗಲಿಯ ಮೇಲೆ ನಿಂತಿದೆಯೆಂದೂ, ಒಂದು ಪಕ್ಕದಲ್ಲಿ ಕಾಗದವೊಂದು ನುಸುಳುವಷ್ಟು ಸಂದು ಇದೆಯೆಂದೂ ಅದರ ಖ್ಯಾತಿ. ಗಾಳಿಯಲ್ಲಿ ತೇಲುವ ಕಂಬವೆಂದು ಯಾರೋ ರಾಯರಿಗೆ ಹೇಳಿದ್ದರು. ತೇಲದಿರುವುದನ್ನು ಕಂಡು ಅವರ ಮುಖ ಬಾಡಿತು. ಎತ್ತರವೆಷ್ಟೆಂದು ಕೇಳಿದರು. ಸುಮಾರು 42 ಅಡಿಯೆಂದು ಗೈಡು ಹೇಳಿದನು. "ಅಲ್ಲೂ ನಲವತ್ತೆರಡು, ಇಲ್ಲೂ ನಲವತ್ತೆರಡು. ಎರಡರಲ್ಲಿ ಒಂದು ನಕಲು ಲೆಕ್ಕ" ಎಂದು ನನ್ನ ಕಿವಿಯಲ್ಲಿ ಉಸುರಿ, ಸಂದಿನ ಮಾತಾದರೂ ದಿಟವೋ ಎಂದು ಪರೀಕ್ಷಿಸಲು ಜೇಬಿನಿಂದ ಕೈಗೆ ಸಿಕ್ಕಿದ ಕಾಗದವೊಂದನ್ನು ತೆಗೆದು, ಮೊಣಕಾಲೂರಿ, ಕಂಬದ ಬುಡಕ್ಕೆ ಮೆಲ್ಲಗೆ ತಳ್ಳಿದರು. ಕಾಗದ ಲೀಲಾಜಾಲವಾಗಿ ಒಳಗೆ ಹೋಯಿತು. ಅತ್ತ ಕಡೆಯಿಂದ ಹೊರಗೆ ಬರಲಿಲ್ಲ. ಕಡ್ಡಿ ಹಾಕಿ ಎಳೆಯಲು ಯತ್ನಿಸಿದಷ್ಟೂ ಅದು ಇನ್ನಷ್ಟು ಒಳಕ್ಕೆ ಸರಿಯಿತು. ಸುತ್ತ ಹತ್ತು ಜನ ಸೇರಿದರು. ಒಬ್ಬ ಹುಡುಗ ಮೊಬೈಲಿನಿಂದ ಬೆಳಕು ಬಿಟ್ಟನು. ಕತ್ತಲೆಯ ಒಳಗೆ, ಸೊನ್ನೆಯ ನಡುವೆ ಬರೆದ 18 ಎಂಬ ಅಂಕಿ ಸ್ಪಷ್ಟವಾಗಿ ಕಾಣಿಸಿತು.

ಅಷ್ಟು ಹೊತ್ತಿಗೆ ರಾಯರ ಪತ್ನಿ ಚೆನ್ನಕೇಶವನಿಗೆ ಮಂಗಳಾರತಿ ಮಾಡಿಸಿ, ಮುಡಿಗೆ ಹೂವು ಮುಡಿದು, ತೀರ್ಥದ ಕೈಯನ್ನು ತಲೆಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ಆಕೆ ಮದನಿಕೆಯನ್ನು ನೋಡಲಿಲ್ಲ, ಕಂಬವನ್ನು ನೋಡಲಿಲ್ಲ. "ಎಷ್ಟು ಲಕ್ಷಣವಾಗಿದಾನೆ ಮೇಷ್ಟ್ರೇ!" ಎಂದರು. ನಾನು ಗರ್ಭಗುಡಿಗೆ ಹೋಗುವುದನ್ನೇ ಮರೆತಿದ್ದೆ.

ಹಳೇಬೀಡಿಗೆ ಬರುವಾಗ ಊಟದ ಹೊತ್ತು ಮೀರಿತ್ತು. ಹೊಯ್ಸಳೇಶ್ವರನ ಗುಡಿಯ ಮುಂದಿನ ಹುಲ್ಲಿನ ಮೇಲೆ ಪುಳಿಯೋಗರೆ ಮುಗಿಸಿ, ಶಿಖರವಿಲ್ಲದಿರುವ ವಿಚಾರವನ್ನು ನಾನೇ ಮೊದಲು ಹೇಳಿಬಿಟ್ಟೆ. ವಿಷ್ಣುವರ್ಧನನ ಅಧಿಕಾರಿಯಾಗಿದ್ದ ಕೇತಮಲ್ಲನು 1121ರ ಸುಮಾರಿಗೆ ಕಟ್ಟಿಸತೊಡಗಿದ ಈ ಜೋಡಿಗುಡಿಯ ಕೆತ್ತನೆ ದೀರ್ಘಕಾಲ ನಡೆದೂ ಸಂಪೂರ್ಣವಾಗಲಿಲ್ಲವೆಂದು ವಿದ್ವಾಂಸರ ಮತ. 1311ರಲ್ಲಿ ಮಲಿಕಾಫರನ ದಂಡು ಆಗ ದೋರಸಮುದ್ರವೆನಿಸಿದ್ದ ಈ ಊರನ್ನು ಸೂರೆಮಾಡಿತು. ರಾಯರು ಬೆರಳು ಮಡಿಸಿ ಕಳೆದರು. "ನೂರತೊಂಬತ್ತು ವರ್ಷ ಕಾಲಾವಕಾಶ ಇತ್ತು" ಎಂದು ನಿಟ್ಟುಸಿರಿಟ್ಟರು. ಅವರು ಸೇವೆಯಲ್ಲಿದ್ದಾಗ ಇದಕ್ಕಿಂತ ಕಡಮೆ ವಿಳಂಬಕ್ಕೆ ಜನರ ಬಡ್ತಿಯನ್ನು ತಡೆಹಿಡಿದದ್ದುಂಟಂತೆ.

ಅಲ್ಲಿಯ ಗೈಡು ವಯಸ್ಸಾದವನು, ಸಾವಧಾನಿ. ಗೋಡೆಯ ಕೆಳಗಿನಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಎಂದು ಎಂಟು ಪಟ್ಟಿಗಳನ್ನು ತೋರಿಸುತ್ತ, ಆನೆಯ ಸಾಲಿನ ಮುಂದೆ ನಿಂತು, "ಈ ಸಾಲಿನಾಗೆ ಒಂದು ಆನೆ ಇದ್ದಂಗೆ ಇನ್ನೊಂದಿಲ್ಲ ಸಾಮಿ" ಎಂದನು. ಎಲ್ಲ ಯಾತ್ರಿಕರಿಗೂ ಅವನು ಹೇಳತಕ್ಕ ಮಾತು. ಎಲ್ಲರೂ ಹೌದೇ ಎಂದು ಹುಬ್ಬೇರಿಸಿ ಮುಂದಿನ ಪಟ್ಟಿಗೆ ಹೋಗುತ್ತಾರೆ. ನಾನೂ ಇಪ್ಪತ್ತಾರು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದ್ದೆ. ರಾಯರ ಕಣ್ಣು ಮಾತ್ರ ಕನ್ನಡಕದ ಹಿಂದೆ ಮಿನುಗಿತು. ಒಂದು ಗೋಡೆಯ ತುಂಬ ಒಂದೇ ಪದಾರ್ಥವನ್ನು ನೂರಾರು ಸಲ ನಮೂದಿಸಿದವನು ಎಲ್ಲಿಯಾದರೂ ಒಂದು ಕಡೆ ಮೇಲಿನ ಸಾಲನ್ನೇ ನಕಲು ಮಾಡಿರಲೇಬೇಕೆಂಬುದು ಅವರ ಮೂವತ್ತೆರಡು ವರ್ಷದ ಅನುಭವ. ಒಂದೇ ಒಂದು ಜೋಡಿ ಸಿಕ್ಕಿದರೆ ಸಾಕು, ಗೈಡಿನ ಹೇಳಿಕೆ ಬಿದ್ದುಹೋಗುತ್ತದೆ. ಪಂಚೆಯನ್ನು ಮೇಲಕ್ಕೆ ಕಟ್ಟಿ, ಈಶಾನ್ಯದ ಮೂಲೆಯಿಂದ ತನಿಖೆ ಆರಂಭಿಸಿದರು.

ನಾನು ನಂದಿಯ ಮಂಟಪದಲ್ಲಿ, ಆ ಮಹಾಕಾಯನ ನೆರಳಿಗೆ ಬೆನ್ನು ಕೊಟ್ಟು ಕುಳಿತೆ. ತಣ್ಣನೆಯ ಕಲ್ಲು, ಹೊಟ್ಟೆಯಲ್ಲಿ ಮೊಸರನ್ನ. ಶಿಲ್ಪಕಲೆಯ ಔನ್ನತ್ಯವನ್ನು ಕುರಿತು ಆಲೋಚಿಸುತ್ತ ನಿದ್ದೆಹೋದೆ. ಎಚ್ಚರವಾದಾಗ ಬಿಸಿಲು ಪಶ್ಚಿಮದ ಗೋಡೆಗೆ ತಿರುಗಿತ್ತು. ರಾಯರು ಇನ್ನೂ ಅಲ್ಲಿಯೇ, ಮಂಡಿಯ ಮೇಲೆ, ಒಂದು ಕೈಯಲ್ಲಿ ನೀಲಿಯ ಪುಸ್ತಕ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಆನೆಯಿಂದ ಆನೆಗೆ ಸರಿಯುತ್ತಿದ್ದರು. ಹತ್ತಿರ ಹೋದೆ. "ಮೇಷ್ಟ್ರೇ, ಇಲ್ಲಿ ನೋಡಿ. ಇದು ಸೊಂಡಿಲು ಮಡಿಸಿದೆ. ಅದೂ ಮಡಿಸಿದೆ. ಸಿಕ್ಕಿತು ಅಂದ್ಕೊಂಡೆ. ನೋಡಿದ್ರೆ ಇದರ ಹಿಂಗಾಲು ಎತ್ತಿದೆ, ಅದರದು ಊರಿದೆ. ಈ ಮಾವುತ ನೋಡಿ, ಮುಂದಕ್ಕೆ ಬಾಗಿದಾನೆ. ಆಚೆಯವನು ತೂಕಡಿಸ್ತಿದಾನೆ ಅನ್ನಿಸುತ್ತೆ. ಇದು ಮುದಿ ಆನೆ, ದವಡೆ ಒಳಗೆ ಹೋಗಿದೆ. ಇದಕ್ಕೆ ಮುಂದಿನದರ ಮೇಲೆ ಏನೋ ಸಿಟ್ಟು." ಅವರ ಮೊಣಕಾಲು ಧೂಳಾಗಿತ್ತು, ಬೆನ್ನು ಬೆವರಿನಿಂದ ತೊಯ್ದಿತ್ತು, ದನಿ ಕಂಪಿಸುತ್ತಿತ್ತು. ಆ ಗೋಡೆಯನ್ನು ಅದನ್ನು ಕಡೆದವರು ಬಿಟ್ಟರೆ ಇಷ್ಟು ಸಮೀಪದಿಂದ ನೋಡಿದವರು ಬಹಳ ಮಂದಿ ಇರಲಾರರು. "ಜೋಡಿ ಸಿಕ್ಕಿತೇ?" ಎಂದೆ. ರಾಯರು ಎದ್ದು ನಿಂತು, ಮಂಡಿ ಒರೆಸಿಕೊಂಡು, ಅಪಾರವಾದ ನಿರಾಶೆಯಿಂದ ತಲೆಯಾಡಿಸಿದರು.

ಗೈಡಿಗೆ ಹಣ ಕೊಡುವಾಗ ಅವನು ಯಾವ ಊರೆಂದು ಕೇಳಿದನು. ಅರಸೀಕೆರೆಯೆಂದೆವು. ಅವನ ಮುಖ ಅರಳಿತು. "ಓಹೋ, ಶಿವಾಲಯದ ಊರೋರು! ನಿಮ್ಮೂರ ಗುಡಿ ಮುಂದೆ ಐತಲ್ಲ ಸಾಮಿ, ಹದಿನಾರು ಮೂಲೆ ನಕ್ಷತ್ರದ ಮಂಟಪ, ಮೇಲೆ ಕೊಡೆ ಕವುಚಿದಂಗೆ ಸೂರು, ಅಂಥದ್ದು ನಮ್ಮತ್ರ ಇಲ್ಲ ಬಿಡಿ. ನೀವು ದಿನಾ ನೋಡ್ತೀರಿ, ಪುಣ್ಯವಂತರು" ಎಂದನು. ನಾನು ರಾಯರ ಮುಖ ನೋಡಿದೆ, ರಾಯರು ನನ್ನ ಮುಖ ನೋಡಿದರು. "ಹೌದು, ಹೌದು" ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಶಿವರಾತ್ರಿಯ ಜನಜಂಗುಳಿಯಲ್ಲಿ ಹೊರಗಿನಿಂದಲೇ ಕೈಮುಗಿದು ಬಂದುದರ ಹೊರತು ನಾನು ಅದರೊಳಗೆ ಕಾಲಿಟ್ಟವನಲ್ಲ. ಮಕ್ಕಳನ್ನು ಬೇಲೂರಿಗೆ ಕರೆದೊಯ್ದ ಇಪ್ಪತ್ತಾರು ಬಸ್ಸುಗಳೂ ನಮ್ಮ ಶಾಲೆಯ ಬಾಗಿಲಿನಿಂದ ಹೊರಟು ನೇರವಾಗಿ ಊರ ಹೊರಕ್ಕೆ ಹೋಗಿದ್ದವು. ಮರಳುವ ಬಸ್ಸಿನಲ್ಲಿ ಅರಸೀಕೆರೆಯವರೆಗೂ ಯಾರೂ ಮಾತನಾಡಲಿಲ್ಲ. ಕಂಡಕ್ಟರು ಬೇರೆಯವನು.

ಮಾರನೆಯ ಬೆಳಗ್ಗೆ, ಯಾರಿಗೂ ಹೇಳದೆ, ಬೆಳಕು ಹರಿಯುವ ಹೊತ್ತಿಗೆ ನಾನು ಶಿವಾಲಯಕ್ಕೆ ಹೋದೆ. ಊರಿನ ಒಂದು ಅಂಚಿನಲ್ಲಿ, ಹುಲ್ಲಿನ ಮೇಲೆ ಇನ್ನೂ ಇಬ್ಬನಿಯಿತ್ತು. ಮಂಟಪದ ಸುತ್ತ ಯಾರೋ ಮೆಲ್ಲಗೆ ನಡೆಯುತ್ತ "ಹದಿಮೂರು, ಹದಿನಾಲ್ಕು" ಎನ್ನುತ್ತಿದ್ದರು.

"ಏನ್ ಮೇಷ್ಟ್ರೇ, ಈ ಕಡೆ?"

"ಹೀಗೇ, ವಾಕಿಂಗ್ ಬಂದೆ."

"ನಾನೂ ವಾಕಿಂಗೇ" ಎಂದರು ರಾಯರು, ಅವರ ಮನೆ ಊರಿನ ಇನ್ನೊಂದು ತುದಿಯಲ್ಲಿದ್ದರೂ. ಎಣಿಕೆ ತಪ್ಪಿದ್ದರಿಂದ ಮತ್ತೆ ಮೊದಲಿನಿಂದ ಇಬ್ಬರೂ ಸೇರಿ ಎಣಿಸಿದೆವು, ಹದಿನಾರೇ. ವೀರಬಲ್ಲಾಳನ ಆಳ್ವಿಕೆಯಲ್ಲಿ, 1220ರಲ್ಲಿ ಕಟ್ಟಿದ ಗುಡಿ, ಶಿಖರವಿದೆ, ಕಡೆದ ಕಂಬಗಳಿವೆ, ಗೈಡಿಲ್ಲ, ಸಾಲಿಲ್ಲ. ರಾಯರು ಮಂಟಪದ ನಡುವೆ ನೆಲದ ಮೇಲೆ ಅಂಗಾತ ಮಲಗಿ ಮೇಲಿನ ಗುಮ್ಮಟವನ್ನು ನೋಡಿದರು. ನಾನೂ ಪಕ್ಕದಲ್ಲಿ ಮಲಗಿದೆ. ಎಷ್ಟೋ ಹೊತ್ತಾಯಿತು. ಆ ಮಾತು ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎಂದು ಕಾದೆ. ಬರಲಿಲ್ಲ. ಕೊನೆಗೆ ಎದ್ದು ಕುಳಿತು ನೀಲಿಯ ಪುಸ್ತಕ ತೆಗೆದು, ಸ್ಥಳ: ಅರಸೀಕೆರೆ ಎಂದು ಬರೆದರು. ಕೇಳಿದ್ದು: ಏನೂ ಇಲ್ಲ. ಕಂಡದ್ದು ಎಂಬಲ್ಲಿಗೆ ಬಂದು ಪೆನ್ಸಿಲ್ಲು ನಿಂತಿತು. ಮುಖದಲ್ಲಿ ನಿಜವಾದ ಸಂಕಟ ಮೂಡಿತು.

"ಇದು ಕೊರತೆಗಿಂತ ಕೆಟ್ಟದ್ದು ಮೇಷ್ಟ್ರೇ. ಕೇಳಿದ್ದು ಸೊನ್ನೆ, ಕಂಡದ್ದು ಇಷ್ಟು. ಹೆಚ್ಚುವರಿ ಬಂತು. ಉಗ್ರಾಣದಲ್ಲಿ ಒಂದು ಚೀಲ ಕಮ್ಮಿಯಾದ್ರೂ ಆಕ್ಷೇಪಣೆ, ಒಂದು ಚೀಲ ಜಾಸ್ತಿಯಾದ್ರೂ ಆಕ್ಷೇಪಣೆ. ಜಾಸ್ತಿ ಬರೆಯೋಕೆ ನನ್ನ ಪುಸ್ತಕದಲ್ಲಿ ಕಾಲಮ್ಮೇ ಇಲ್ಲವಲ್ಲ!"

ಆ ಸಾಲು ಇಂದಿಗೂ ಅರ್ಧಕ್ಕೇ ನಿಂತಿದೆ. ಲೆಕ್ಕ ಹೊಂದದೆ ರಾಯರಿಗೆ ಕೆಲವು ದಿನ ನಿದ್ದೆ ಬರಲಿಲ್ಲವೆಂದು ಪತ್ನಿ ಹೇಳಿದರು. ಈಗ ಮುಂದಿನ ತಿಂಗಳು ಮೈಸೂರಿನ ರೈಲು ಹಿಡಿದು, ಪಟ್ಟಿಯಲ್ಲಿ ಉಳಿದಿರುವ ಸೋಮನಾಥಪುರವನ್ನು ಪರಿಶೀಲಿಸಲು ಹೊರಟಿದ್ದಾರೆ. ಸೋಮನಾಥ ದಂಡನಾಯಕ ಕಟ್ಟಿಸಿದ ಆ ಗುಡಿಯಲ್ಲಿ ಒಂದಲ್ಲ, ಮೂರು ಶಿಖರಗಳಿವೆಯೆಂದು ಯಾರೋ ತಿಳಿಸಿರುವುದರಿಂದ ಅಲ್ಲಿ ಇನ್ನಷ್ಟು ಹೆಚ್ಚುವರಿ ಬಂದುಬಿಟ್ಟರೆ ಏನು ಗತಿಯೆಂದು ಅವರಿಗೆ ಒಳಗೇ ಅಳುಕು. ಪಾಪ, ಅಳುಕಲು ಕಾರಣವಿಲ್ಲ. ಅಲ್ಲಿ ಕೇಶವನ ಗರ್ಭಗುಡಿಯ ಮೂಲವಿಗ್ರಹವೇ ಎಂದೋ ಕಳೆದುಹೋಗಿದೆ. ರೈಲಿನಲ್ಲಿ ಅವರನ್ನು ಕಂಡ ಓದುಗರು ದಯವಿಟ್ಟು ಇದನ್ನು ಮುಂಚಿತವಾಗಿ ಹೇಳಿಬಿಡಬಾರದು.